ಬಿಡುವಿನ ವೇಳೆಯ ಕೈಗೆಲಸ: ಆಟದ ವಿಮಾನಕ್ಕೆ ಕೀಲು ಕೂಡಿಸುವುದು

ಕಳೆದ ಸಂಚಿಕೆಯಲ್ಲಿ ರೇಡಿಯೋವಿನಿಂದ ನಡೆಸುವ ಆಟದ ವಿಮಾನದ ರೆಕ್ಕೆಯನ್ನೂ ಬಾಲವನ್ನೂ ಬಾಲ್ಸಾ ಮರದಿಂದ ಕಟ್ಟಿ, ಉಜ್ಜು ಕಾಗದದಿಂದ ನುಣುಪುಮಾಡುವವರೆಗೆ ಬಂದಿದ್ದೆವು. ಇನ್ನು ಹೊದಿಕೆ ಹಾಕಿ ಹಾರಿಸಿಬಿಡಬಹುದಲ್ಲವೆ ಎಂದು ವಾಚಕರಲ್ಲಿ ಕೆಲವರು ಕೇಳಿ ಬರೆದಿರುವರು. ಅವಸರ ಬೇಡ. ರೆಕ್ಕೆಯ ಹಿಂದಂಚಿನ ಏಲೆರಾನುಗಳು, ಬಾಲದಲ್ಲಿ ಮೇಲಕ್ಕೂ ಕೆಳಕ್ಕೂ ಬಾಗುವ ಎಲಿವೇಟರು, ಎಡಬಲಕ್ಕೆ ತಿರುಗುವ ಚುಕ್ಕಾಣಿ, ಇವು ನೆಟ್ಟಗೆ ಆಡದಿದ್ದರೆ ರೇಡಿಯೋ ಎಷ್ಟು ಬೆಲೆಯದಾದರೂ ವಿಮಾನವು ನಮ್ಮ ಮಾತನ್ನು ಕೇಳಲಾರದು. ಇವುಗಳನ್ನು ಹಿಡಿದು ನಿಲ್ಲಿಸತಕ್ಕವು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕೀಲುಗಳು ಮಾತ್ರ.

ಈ ವಿಷಯದಲ್ಲಿ ನನಗೆ ಬುದ್ಧಿ ಬಂದುದು ಸುಲಭವಾಗಿ ಅಲ್ಲ. ಕೆಲವು ವರ್ಷಗಳ ಹಿಂದೆ, ಊರಾಚೆಯ ಬತ್ತಿದ ಕೆರೆಯ ಅಂಗಳದಲ್ಲಿ ಹೊಸ ವಿಮಾನವೊಂದನ್ನು ಹಾರಿಸುತ್ತಿದ್ದೆ. ಎರಡು ಸಲ ಚೆನ್ನಾಗಿ ಹಾರಿ ಇಳಿಯಿತು. ಮೂರನೆಯ ಸಲ ಎತ್ತರದಿಂದ ಧುಮುಕಿಸಿ ಮೇಲಕ್ಕೆ ಎಳೆದೆನೋ ಇಲ್ಲವೋ, ಎಲಿವೇಟರು ಕಳಚಿ ಜೋತಾಡುವುದು ಕಣ್ಣಿಗೆ ಕಂಡಿತು. ಎರಡೂವರೆ ಕಿಲೋ ತೂಕದ ವಿಮಾನವು ಮೂತಿ ಕೆಳಗಾಗಿ ಬಂದು, ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳಿಂದ ಹತ್ತು ಮಾರು ದೂರದಲ್ಲಿ ನೆಲಕ್ಕೆ ಬಡಿಯಿತು. ಆಕೆ ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತು, “ಆಡೋಕೆ ಬೇರೆ ಜಾಗ ಇರ್ನಿಲ್ವಾ ಸ್ವಾಮಿ?” ಎಂದಳು. ನಾನು ಏನು ಉತ್ತರ ಹೇಳಲಿ! ಮನೆಗೆ ತಂದು ನೋಡಿದಾಗ ಕೀಲುಗಳು ಹರಿದಿರಲಿಲ್ಲ. ಒಂದು ಮುಖ ಅಂಟು ಕುಡಿದು ಗಡುಸಾಗಿದ್ದಿತು, ಇನ್ನೊಂದು ಮುಖ ಬೆಳ್ಳಗೆ ಒಣಗಿಯೇ ಇದ್ದಿತು. ಮೇಲ್ಗಡೆಯಿಂದ ಅಂಟು ಬಿಟ್ಟವನು ಮಗುಚಿ ಕೆಳಗಡೆಯಿಂದಲೂ ಬಿಡುವುದನ್ನು ಮರೆತಿದ್ದೆ.

ಕೀಲುಗಳಲ್ಲಿ ಹಲವು ಬಗೆ. ಐದಡಿ ರೆಕ್ಕೆಯ ಸಾಧಾರಣ ವಿಮಾನಕ್ಕೆ ಬಟ್ಟೆಯಂತೆ ಬಾಗುವ ಚಪ್ಪಟೆ ಕೀಲುಗಳೇ ಸಾಕು. ಇವು ಸುಮಾರು ಒಂದು ಅಂಗುಲ ಉದ್ದ, ಮುಕ್ಕಾಲು ಅಂಗುಲ ಅಗಲವಿರುವುವು. ನಡುವೆ ಗಟ್ಟಿಯಾದ ಪ್ಲಾಸ್ಟಿಕ್ ಹಾಳೆ, ಎರಡು ಮೈಗೂ ಅಂಟನ್ನು ಹೀರುವ ನಾರಿನ ಪದರ. ಏಲೆರಾನು ಒಂದಕ್ಕೆ ಮೂರು ನಾಲ್ಕು, ಚುಕ್ಕಾಣಿಗೆ ಮೂರು ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಒಂದು ಹೆಚ್ಚಾದರೆ ನಷ್ಟವಿಲ್ಲ.

ಮೊದಲು ಅಲ್ಲಾಡುವ ಭಾಗದ ಮುಂದಂಚನ್ನು ಎರಡು ಕಡೆಯಿಂದಲೂ ಓರೆಯಾಗಿ ಉಜ್ಜಿ ದೋಣಿಯ ಮೂತಿಯಂತೆ ಮಾಡತಕ್ಕದ್ದು. ಹಾಗೆ ಮಾಡದಿದ್ದರೆ ಮರಕ್ಕೆ ಮರ ತಗುಲಿ ಎಲಿವೇಟರು ಬೇಕಾದಷ್ಟು ಬಾಗದು. ಅನಂತರ ಎರಡು ಅಂಚುಗಳಲ್ಲಿಯೂ ದಪ್ಪದ ಸರಿಮಧ್ಯದಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು, ಎರಡನ್ನೂ ಜೋಡಿಸಿ ಹಿಡಿದು ಕೀಲಿನ ಸ್ಥಳಗಳನ್ನು ಒಟ್ಟಿಗೆ ಗುರುತು ಹಾಕಬೇಕು. ಬೇರೆ ಬೇರೆಯಾಗಿ ಅಳೆದವರಿಗೆ ಒಂದು ಕೂದಲೆಳೆಯ ತಪ್ಪಾದರೂ ಬಂದೇ ಬರುವುದು. ಚೂಪಾದ ಸಣ್ಣ ಅಲಗಿನಿಂದ ಗೆರೆಯ ಮೇಲೆ ಅರ್ಧ ಅಂಗುಲ ಆಳಕ್ಕೆ ಸೀಳು ತೆಗೆಯುವಾಗ ಕೈ ಓರೆಯಾಗಕೂಡದು. ಬಾಲ್ಸಾ ಮೆತ್ತಗಿನ ಮರ; ಅಲಗು ಎತ್ತ ಒಲಿದರೆ ಅತ್ತ ದಾರಿ ಬಿಡುವುದು.

ಸೀಳಿನ ನಡುವೆ ಸುಮಾರು ಎರಡು ಮಿಲಿಮೀಟರು ದಪ್ಪದ ಬೈರಿಗೆಯಿಂದ ಅಷ್ಟೇ ಆಳದ ತೂತನ್ನು ಕೊರೆಯಬೇಕು. ಇದನ್ನು ಅನೇಕರು ಬಿಟ್ಟುಬಿಡುವರು. ಅಂಟು ಈ ತೂತಿನೊಳಗೆ ಹರಿದು ಅಲ್ಲಿಂದ ಕೀಲಿನ ಮೈಗೆಲ್ಲ ಹರಡುವುದು. ತೂತಿಲ್ಲದಿದ್ದರೆ ಬಾಯಿಯಲ್ಲಿಯೇ ನಿಂತು ಗಟ್ಟಿಯಾಗುವುದು. ಇಷ್ಟಾದ ಮೇಲೆ ಹೊದಿಕೆ ಹಾಕಿ, ಸೀಳಿನ ಬಾಯಿಯ ಮೇಲೆ ಬಂದ ಹೊದಿಕೆಯನ್ನು ಕತ್ತರಿಸಿ ತೆಗೆಯಬೇಕು.

ಈಗ ಕೀಲಿನ ನಡುವೆ ಗುಂಡುಸೂಜಿಯೊಂದನ್ನು ಚುಚ್ಚಿ, ಅರ್ಧವನ್ನು ಒಂದು ಸೀಳಿಗೆ ತೂರಿಸಿರಿ. ಸೂಜಿಯಿರುವುದರಿಂದ ಅದು ಅರ್ಧಕ್ಕಿಂತ ಒಳಗೆ ಹೋಗದು. ಉಳಿದರ್ಧವನ್ನು ಎದುರಿನ ಸೀಳಿಗೆ ಕೂಡಿಸಿ, ಸೂಜಿಗಳನ್ನು ಕಿತ್ತು, ಎರಡು ಅಂಚುಗಳನ್ನು ಒತ್ತಾಗಿ ತನ್ನಿರಿ. ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಂದು ಬೇಡ. ಅಂಟು ಹಾಕುವ ಮುನ್ನ ಪೂರ್ತಿ ಬಾಗಿಸಿ ನೋಡಿ, ಎಲ್ಲಿಯೂ ಬಿಗಿಯಿಲ್ಲವೆಂದು ತಿಳಿದುಕೊಳ್ಳತಕ್ಕದ್ದು.

ಅಂಟು ನೀರಿನಂತೆ ತೆಳುವಾದ ಸಯನೋಅಕ್ರಿಲೇಟ್ ಆಗಿರಬೇಕು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ರಸಾಯನಜ್ಞರು ಬಂದೂಕಿನ ಗುರಿಕಾಣುವ ಸಾಧನಕ್ಕೆ ಸ್ವಚ್ಛವಾದ ಪ್ಲಾಸ್ಟಿಕನ್ನು ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವುದೆಂದು ಆಗ ಬದಿಗಿಟ್ಟರಂತೆ. 1958ರಲ್ಲಿ ಅದೇ ದುರ್ಗುಣವೇ ಗುಣವಾಗಿ ಅಂಗಡಿಗೆ ಬಂದಿತು. ಕೀಲು ಒಂದಕ್ಕೆ ಮೇಲ್ಗಡೆ ಐದಾರು ಹನಿ, ಒಂದು ಹನಿ ಇಂಗಿದ ಮೇಲೆ ಇನ್ನೊಂದು. ಬಳಿಕ ಮಗುಚಿ ಕೆಳಗಡೆಯೂ ಅಷ್ಟೇ. ಬೇಗ ಗಟ್ಟಿಯಾಗಲೆಂದು ಮೇಲೆ ಸಿಂಪಡಿಸುವ ದ್ರವವನ್ನು ಇಲ್ಲಿ ಮಾತ್ರ ಬಳಸಕೂಡದು. ಇಂಗುವುದಕ್ಕೆ ಮೊದಲೇ ಹೆಪ್ಪುಗಟ್ಟಿದರೆ ಪ್ರಯೋಜನವೇನು?

ಕಿಟಕಿ ತೆರೆದು ಕುಳಿತುಕೊಳ್ಳಿರಿ, ಇದರ ಆವಿ ಕಣ್ಣುರಿಸುವುದು. ಚೆಲ್ಲಿದರೆ ಹತ್ತಿಬಟ್ಟೆಯಿಂದ ಒರಸಲು ಹೋಗಬೇಡಿರಿ. ಹತ್ತಿಯೊಡನೆ ಸೇರಿದಾಗ ಕೈ ಸುಡುವಷ್ಟು ಕಾವೇರುವುದುಂಟು. ಬೆರಳುಗಳು ಅಂಟಿಕೊಂಡರೆ ಅಸಿಟೋನ್ ಹಚ್ಚಿ ಮೆಲ್ಲಗೆ ಬಿಡಿಸಬಹುದು. ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂದು ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ.

ಕಾಲು ಗಂಟೆ ಬಿಟ್ಟು, ಕೀಲು ಮೆತ್ತಗಾಗುವಂತೆ ಹಲವು ಬಾರಿ ಮೇಲೆ ಕೆಳಗೆ ಆಡಿಸಿ, ಪ್ರತಿಯೊಂದು ಕೀಲಿನ ಬಳಿಯೂ ಹಿಡಿದು ಬಲವಾಗಿ ಎಳೆದು ನೋಡಿರಿ. ಮುರಿದೀತೆಂದು ಮರುಗಬಾರದು. ನನ್ನ ಮನೆಯಲ್ಲಿ ಈ ಪರೀಕ್ಷೆಯನ್ನು ಈಗ ಮನೆಯವರೇ ನಡೆಸುವರು. ಕಟ್ಟಿದವನ ಕೈಗೆ ಎಳೆಯಲು ಮನಸ್ಸು ಬಾರದೆಂದು ಅವರ ಅಭಿಪ್ರಾಯ.

ದೊಡ್ಡ ವಿಮಾನಗಳಿಗೆ ಬಾಗಿಲಿನ ಬಿಜಾಗರಿಯಂತೆ ನಡುವೆ ಕಡ್ಡಿಯಿರುವ ನೈಲಾನ್ ಕೀಲುಗಳನ್ನು ಹಾಕುವರು. ಇವಕ್ಕೆ ಎಪಾಕ್ಸಿ ಅಂಟು. ತಿರುಗುವ ಗಂಟಿಗೆ ಮೊದಲೇ ವ್ಯಾಸಲೀನ್ ಸವರಿದರೆ ಅಂಟು ಅಲ್ಲಿ ಹಿಡಿಯದು. ಎಲ್ಲ ಕಡ್ಡಿಗಳೂ ಒಂದೇ ಸಾಲಿನಲ್ಲಿ ಬರಬೇಕು. ಇಲ್ಲವಾದರೆ ತಿರುಗಿಸುವ ಸರ್ವೋ ಯಂತ್ರವು ಹೆಣಗಾಡಿ ಬ್ಯಾಟರಿಯನ್ನು ಬರಿದುಮಾಡುವುದು.

ಸಂದು ಅಗಲವಾದರೇನಂತೆ ಎಂದು ಒಬ್ಬ ವಾಚಕರು ಕೇಳಿರುವರು. ಸಂದಿನಿಂದ ಗಾಳಿ ನುಸುಳಿ ಚುಕ್ಕಾಣಿಯ ಬಲ ಕುಗ್ಗುವುದು. ಅದಕ್ಕಿಂತ ಕೆಟ್ಟದ್ದು, ಕೀಲೂ ಸರ್ವೋವಿನ ಕಡ್ಡಿಯೂ ಸಡಿಲವಾಗಿದ್ದರೆ ವೇಗದಲ್ಲಿ ಆ ಭಾಗವು ಗಾಳಿಗೆ ಸಿಕ್ಕ ಬಾವುಟದಂತೆ ಬಡಿದುಕೊಳ್ಳತೊಡಗಿ, ಕ್ಷಣಮಾತ್ರದಲ್ಲಿ ಕಿತ್ತುಹೋಗಬಹುದು. ಝೇಂಕಾರದಂತಹ ಸದ್ದು ಕೇಳಿಬಂದೊಡನೆ ಎಂಜಿನನ್ನು ತಗ್ಗಿಸಿ ಇಳಿಸಿರಿ. ಇನ್ನೊಬ್ಬರು ಹಳೆಯ ಕೀಲು ಸಡಿಲವಾದರೆ ಅಂಟು ತುಂಬಬಹುದೆ ಎಂದಿರುವರು. ಅದು ಮತ್ತೆ ಹೀರಲಾರದು. ಅದನ್ನು ಕತ್ತರಿಸಿಬಿಟ್ಟು, ಪಕ್ಕದಲ್ಲಿ ಹೊಸ ಸೀಳು ತೆಗೆದು ಹೊಸ ಕೀಲನ್ನೇ ಕೂಡಿಸತಕ್ಕದ್ದು. ಮುಂದಿನ ತಿಂಗಳು ಸರ್ವೋವಿನ ಕಡ್ಡಿಗಳ ವಿಷಯ.