ಮನೆಗೆ ಹೇಳದೆ ಮುಚ್ಚಿಟ್ಟ ಎಂಆರ್‌ಐ ರಿಪೋರ್ಟು

ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ ಸಂಜೆ, ಶಾರ್ಜಾದ ನಮ್ಮ ಮನೆಗೆ ಕುಂದಾಪುರ ಕಡೆಯ ಹುಡುಗನೊಬ್ಬ ದೊಡ್ಡದೊಂದು ಕವರು ಹಿಡಿದುಕೊಂಡು ಬಂದ. ವಯಸ್ಸು 28, ದುಬೈನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಕೆಲಸದ ನಡುವೆ ಫಿಟ್ಸ್ ಬಂದು ಬಿದ್ದಿದ್ದ, ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದ್ದರು. ನಾವು ಲೆಕ್ಕ ಬರೆಯುವವರು, ವೈದ್ಯರಲ್ಲ. ಆದರೂ ಇಂಗ್ಲಿಷಿನ ಕಾಗದ ಓದಿಸಲು, ಇನ್ಶೂರೆನ್ಸ್ ಫಾರಂ ತುಂಬಿಸಲು ಊರಿನವರು ಬರುವುದು ನಮ್ಮಂಥವರ ಮನೆಗೇ. ಕವರು ಕೊಡುವ ಮೊದಲೇ ಅವನು ಹೇಳಿದ: 'ಅಮ್ಮನಿಗೆ ಮಾತ್ರ ಹೇಳ್ಬೇಡಿ ಸರ್.'

ರಿಪೋರ್ಟಿನಲ್ಲಿದ್ದ ಹೆಸರು ಎವಿಎಂ. ಸಾಮಾನ್ಯವಾಗಿ ರಕ್ತ ಅಪಧಮನಿಯಿಂದ ಕೂದಲಿನಷ್ಟು ಸಣ್ಣ ನಾಳಗಳಿಗೆ ಹರಿದು, ಅಲ್ಲಿ ಒತ್ತಡ ಇಳಿದು, ಆಮೇಲೆ ಅಭಿಧಮನಿ ಸೇರುತ್ತದೆ. ಎವಿಎಂ ಇರುವ ಜಾಗದಲ್ಲಿ ನಡುವಿನ ಆ ಸಣ್ಣ ನಾಳಗಳೇ ಇರುವುದಿಲ್ಲ, ಬದಲಿಗೆ ನಾಳಗಳ ಗೋಜಲು ಇರುತ್ತದೆ. ಪಂಪ್‌ಸೆಟ್ಟಿನ ನೀರನ್ನು ನೇರವಾಗಿ ತೆಳು ಪೈಪಿಗೆ ಬಿಟ್ಟ ಹಾಗೆ. ಎಲ್ಲೋ ಒಂದು ಕಡೆ ಪೈಪು ಒಡೆದರೆ ಅದೇ ಮೆದುಳಿನ ರಕ್ತಸ್ರಾವ. ಕೆಲವರಿಗೆ ಒಡೆಯುವ ಮೊದಲು ಫಿಟ್ಸ್ ಆಗಿ ಗೊತ್ತಾಗುತ್ತದೆ, ಕೆಲವರಿಗೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ. ದುಡಿದು ದಣಿದದ್ದರಿಂದ, ಬಿಸಿಲಿನಿಂದ ಬರುವಂಥದ್ದಲ್ಲ ಇದು.

ಹುಡುಗ ಕೇಳಿದ್ದು, 'ಇದು ಯಾವಾಗ ಒಡೆಯುತ್ತೆ?' ಆ ದಿನ ಉತ್ತರ ಕೊಡಲಾಗಲಿಲ್ಲ. ವಾರವಿಡೀ ಓದಿ, ಪರಿಚಯದ ವೈದ್ಯರನ್ನು ಕೇಳಿದ ಮೇಲೆ ತಿಳಿದದ್ದೆಂದರೆ, ಪ್ರಶ್ನೆಯೇ ಬೇರೆ ಇರಬೇಕಿತ್ತು: ಇದುವರೆಗೆ ರಕ್ತ ಸೋರಿದೆಯೇ? ಒಮ್ಮೆಯೂ ಒಡೆಯದ ಎವಿಎಂ ವರ್ಷಕ್ಕೆ ಸುಮಾರು 100ರಲ್ಲಿ 2 ಜನರಲ್ಲಿ ಒಡೆಯಬಹುದು. ಒಮ್ಮೆ ಒಡೆದಿದ್ದರೆ ಅಪಾಯ ಅದರ ಎರಡರಷ್ಟಾಗುತ್ತದೆ, ಮೊದಲ ವರ್ಷದಲ್ಲಂತೂ ಇನ್ನೂ ಹೆಚ್ಚು. ಗೋಜಲು ಮೆದುಳಿನ ಆಳದಲ್ಲಿದ್ದರೆ, ರಕ್ತ ಆಳದ ಅಭಿಧಮನಿಗಳಿಗಷ್ಟೇ ಹರಿಯುತ್ತಿದ್ದರೆ, ಜೊತೆಯಲ್ಲಿ ನಾಳ ಬಲೂನಿನಂತೆ ಉಬ್ಬಿದ್ದರೆ ಆಗಲೂ ಲೆಕ್ಕ ಏರುತ್ತದೆ. 'ಎವಿಎಂ ಇದೆ' ಎಂಬ ಒಂದೇ ಸಾಲಿನಿಂದ ಯಾರ ಅಪಾಯವನ್ನೂ ಅಳೆಯಲಾಗದು.

ಇಲ್ಲಿ ನಮ್ಮ ಕಸುಬು ಸ್ವಲ್ಪ ನೆರವಿಗೆ ಬಂತು. ವರ್ಷಕ್ಕೆ 2 ಅಂದರೆ 30 ವರ್ಷಕ್ಕೆ 60 ಎಂದು ಅವನ ರೂಮ್‌ಮೇಟ್ ಲೆಕ್ಕ ಹಾಕಿಕೊಟ್ಟಿದ್ದ. ಅದು ತಪ್ಪು. ಸವಕಳಿಯನ್ನು ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಹಾಕುವಂತೆ, ಇಲ್ಲೂ ಪ್ರತಿ ವರ್ಷ ಉಳಿದವರ ಮೇಲೆ 2 ಹಿಡಿಯಬೇಕು. ಆಗ 10 ವರ್ಷಕ್ಕೆ 100ರಲ್ಲಿ 18, 30 ವರ್ಷಕ್ಕೆ 45. ವೈದ್ಯರ ನಡುವೆ ಒಂದು ಸುಲಭ ಸೂತ್ರವೂ ಇದೆ: 105ರಿಂದ ವಯಸ್ಸು ಕಳೆಯಿರಿ. ಈ ಹುಡುಗನಿಗೆ 77 ಬರುತ್ತದೆ! ಎಲ್ಲ ಬಗೆಯ ಎವಿಎಂಗೂ ಒಂದೇ ದರ ಹಿಡಿದ ಅಂದಾಜು ಅದು, ಒಡೆಯದವರನ್ನು ಸುಮ್ಮನೆ ಹೆದರಿಸುತ್ತದೆ. ಹಾಗೆಂದು 45 ಸಣ್ಣ ಸಂಖ್ಯೆಯೂ ಅಲ್ಲ. ಒಡೆದವರಲ್ಲಿ ಹತ್ತಕ್ಕೆ ಒಬ್ಬರಷ್ಟು ಸಾಯುತ್ತಾರೆ, ಉಳಿದ ಹಲವರಿಗೆ ಮಾತೋ ಕೈಕಾಲೋ ಮೊದಲಿನಂತಾಗುವುದಿಲ್ಲ.

'ಹಾಗಾದರೆ ಈಗಲೇ ಆಪರೇಷನ್ ಮಾಡಿಸಿಬಿಡಿ' ಎನ್ನುವುದು ಊರಿನವರ ಮೊದಲ ಮಾತು. ಒಡೆಯದ ಎವಿಎಂ ಇದ್ದ 223 ಜನರ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರೂಬಾ ಎಂದು ಆ ಅಧ್ಯಯನದ ಹೆಸರು. ಸರಾಸರಿ 33 ತಿಂಗಳಲ್ಲಿ ಬರೀ ಔಷಧಿಯಲ್ಲಿದ್ದವರ ಪೈಕಿ ಶೇ 10ರಷ್ಟು ಜನರಿಗೆ ಪಾರ್ಶ್ವವಾಯು ಅಥವಾ ಸಾವು ಬಂದರೆ, ಗೋಜಲನ್ನೇ ತೆಗೆಯಲು ಅಥವಾ ಮುಚ್ಚಲು ಹೊರಟವರಲ್ಲಿ ಶೇ 31ರಷ್ಟು. ಆದರೆ 30 ವರ್ಷದ ಸಾಲವನ್ನು ಮೂರು ವರ್ಷದ ಕಂತು ನೋಡಿ ಯಾರೂ ಅಳೆಯುವುದಿಲ್ಲ. ಆ ಟೀಕೆ ವೈದ್ಯರಿಂದಲೂ ಬಂದಿದೆ. ಸಣ್ಣದಾಗಿ, ಮೇಲ್ಭಾಗದಲ್ಲಿ, ಮಾತು-ಚಲನೆಯ ಜಾಗದಿಂದ ದೂರವಿರುವ ಗೋಜಲಿಗೆ ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆ. ಗಾಮಾ ನೈಫ್ ವಿಕಿರಣ ಕೊಟ್ಟರೆ ನಾಳ ಮುಚ್ಚಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ರಕ್ತಸ್ರಾವದ ಭಯ ಇದ್ದೇ ಇರುತ್ತದೆ. ರಜೆಯಲ್ಲಿ ಹೋಗಿ ಮಾಡಿಸಿಕೊಂಡು ಬಂದೆ, ಮುಗಿಯಿತು ಎಂದುಕೊಳ್ಳುವಂತಿಲ್ಲ.

ಇಷ್ಟೆಲ್ಲ ತೂಗಿ ನೋಡಬೇಕಾದದ್ದನ್ನು 28 ವರ್ಷದ ಹುಡುಗ ಲೇಬರ್ ಕ್ಯಾಂಪಿನ ಮೇಲಿನ ಮಂಚದಲ್ಲಿ ಮಲಗಿ ಒಬ್ಬನೇ ತೂಗುತ್ತಿದ್ದ. ತಂಗಿಯ ಮದುವೆ, ಸೊಸೈಟಿ ಸಾಲ, ವೀಸಾ ನವೀಕರಣ. ನಾವೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆವು, ಅದು ನಮ್ಮ ತಪ್ಪು. ಇಂಥ ಗುಟ್ಟು ಕಾಪಾಡುವುದು ಉಪಕಾರವಲ್ಲ. ಹಠಾತ್ತನೆ ಸಿಡಿಯುವಂಥ ತಲೆನೋವು, ವಾಂತಿ, ಒಂದು ಕಡೆಯ ಕೈಕಾಲು ಸೋತರೆ 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಬೇಕಾದವರು ರೂಮಿನವರು. 'ಇವನಿಗೆ ಎವಿಎಂ ಇದೆ' ಎಂದು ಅವರು ಹೇಳಿದರೆ ವೈದ್ಯರಿಗೆ ಸಮಯ ಉಳಿಯುತ್ತದೆ. ಗೊತ್ತಿಲ್ಲದ ರೂಮಿನವನು ಕೊಡುವುದು ಒಂದು ಆಸ್ಪಿರಿನ್ ಮಾತ್ರೆ, ಆ ಹೊತ್ತಿನಲ್ಲಿ ಕೊಡಲೇಬಾರದ್ದು ಅದು.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ದುಬೈನಲ್ಲಿ ಕೆಲಸಗಾರನಿಗೆ ಆರೋಗ್ಯ ವಿಮೆ ಮಾಡಿಸುವುದು ಕಂಪನಿಯ ಹೊಣೆ. ಮೊದಲೇ ಇದ್ದ ಕಾಯಿಲೆ ಇದೆಯೇ ಎಂಬ ಕಾಲಂ ಮುಂದೆ 'ಇಲ್ಲ' ಎಂದು ಟಿಕ್ ಹಾಕುವವರನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ದೊಡ್ಡ ಬಿಲ್ಲು ಬಂದ ದಿನ ಆ ಟಿಕ್ಕನ್ನೇ ತೋರಿಸಿ ಹಣ ನಿರಾಕರಿಸಬಹುದು.

ಕೊನೆಗೆ ಅವನು ಭಾವನಿಗೆ ಹೇಳಿದ, ಭಾವ ಮನೆಯಲ್ಲಿ ಹೇಳಿದರು. ಎರಡು ದಿನ ಅಳು, ಒಂದು ಹರಕೆ, ಮೂರನೆಯ ದಿನ ಅಮ್ಮನ ಫೋನು ನಮಗೇ ಬಂತು. ಬೈಸಿಕೊಳ್ಳಲು ಸಿದ್ಧರಾಗಿಯೇ ಎತ್ತಿದೆವು. 'ಒಡೆದು ರಕ್ತ ಬಂದಿದ್ಯಾ, ಇಲ್ಲ ಹಾಗೇ ಉಂಟಾ?' ಎಂದು ಕೇಳಿದರು. ಬಂದಿಲ್ಲ ಅಂದೆವು. ಹಾಗಾದ್ರೆ ನಿಧಾನಕ್ಕೆ ತೋರಿಸುವಾ ಅಂದರು.

ಬರುವ ತಿಂಗಳು ಅವನಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸುವುದೆಂದಾಗಿದೆ. ಬರೀ ರಿಪೋರ್ಟು ಸಾಲದು, ಸ್ಕ್ಯಾನಿನ ಸಿಡಿಯನ್ನೂ ಇಲ್ಲಿನ ಆಸ್ಪತ್ರೆಯಿಂದ ಕೇಳಿ ಪಡೆದು ಕೈಚೀಲದಲ್ಲೇ ಇಟ್ಟುಕೋ ಎಂದಿದ್ದೇವೆ. ಅಮ್ಮ ಕುಂದಾಪುರದಿಂದ ಬಸ್ಸಿನಲ್ಲಿ ನೇರ ಅಲ್ಲಿಗೇ ಬರುತ್ತಾರಂತೆ.