ಎರಡನೇ ವಿಮಾನ ಬೇಡ, ಎರಡನೇ ರೆಕ್ಕೆ ಸಾಕು

ರಿಮೋಟ್ ಕಂಟ್ರೋಲ್ ವಿಮಾನದ ಹುಚ್ಚು ಹತ್ತಿದವರಿಗೆ ಮೊದಲ ವಿಮಾನ ಆರಿಸುವುದು ಅಂಥ ತಲೆನೋವೇನಲ್ಲ. ಯಾರನ್ನು ಕೇಳಿದರೂ ಒಂದೇ ಮಾತು: ರೆಕ್ಕೆ ಮೇಲಿರಲಿ, ಮೈ ಫೋಮ್‌ನದಾಗಿರಲಿ, ನಿಧಾನವಾಗಿ ಹಾರಲಿ. ಗೊಂದಲ ಶುರುವಾಗುವುದು ಎರಡನೆಯದಕ್ಕೆ. ಹಾರಿಸಿ, ಬೀಳಿಸಿ, ಅಂಟು ಹಚ್ಚಿ, ಮತ್ತೆ ಹಾರಿಸಿ ಕೈ ಸ್ವಲ್ಪ ಕುದುರಿದ ಮೇಲೆ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ? ಸೀದಾ ಸ್ಪಿಟ್‌ಫೈರ್, ಮಸ್ಟಾಂಗ್‌ಗಳಂಥ ಯುದ್ಧವಿಮಾನಗಳ ಮೇಲೆ!

ಇಲ್ಲಿ ರಾಯಪುರಂನಲ್ಲಿ ನಮ್ಮ ಬೀದಿಯ ಹುಡುಗನೊಬ್ಬ "ಅಂಕಲ್, ಮುಂದೆ ಸ್ಪಿಟ್‌ಫೈರ್ ತಗೊಳ್ಳಲಾ?" ಅಂತ ತಮಿಳಿನಲ್ಲಿ ಕೇಳಿದ. "ಬೇಡಪ್ಪಾ, ಇರೋ ವಿಮಾನಕ್ಕೇ ಹೊಸ ರೆಕ್ಕೆ ಹಾಕು" ಅಂದೆ. ಪಾಪ, ಮುಖ ಸಪ್ಪಗಾಯಿತು. ಅವನಿಗೆ ಹೇಳಿದ ಕಾರಣಗಳನ್ನೇ ನಿಮಗೂ ಹೇಳುತ್ತೇನೆ.

ಕಲಿಯುವವರ ವಿಮಾನದಲ್ಲಿ ಸಾಮಾನ್ಯವಾಗಿ ಮೂರೇ ಹಿಡಿತ: ಮೋಟಾರಿನ ವೇಗ, ಬಾಲದಲ್ಲಿ ಮೇಲೆ ಕೆಳಗೆ ಮಾಡುವ ಎಲಿವೇಟರ್, ಎಡ ಬಲ ತಿರುಗಿಸುವ ರಡ್ಡರ್. ರೆಕ್ಕೆಯ ಎರಡು ತುದಿಗಳು ಮೇಲಕ್ಕೆ ಎತ್ತಿಕೊಂಡಿರುತ್ತವೆ. ಹಾಗಾಗಿ ಕಡ್ಡಿ ಬಿಟ್ಟರೆ ವಿಮಾನ ತಾನಾಗಿಯೇ ಸಮಕ್ಕೆ ಬರುತ್ತದೆ. ಮುಂದಿನ ಪಾಠ ಏಲರಾನ್, ಅಂದರೆ ರೆಕ್ಕೆಯ ಹಿಂಬದಿಯಲ್ಲಿರುವ ಎರಡು ಪಟ್ಟಿಗಳು. ಇದರಲ್ಲಿ ವಿಮಾನವನ್ನು ವಾಲಿಸಿದರೆ ವಾಲಿಕೊಂಡೇ ಇರುತ್ತದೆ. ವಾಲಿಸಿ, ಎಲಿವೇಟರನ್ನು ಸ್ವಲ್ಪ ಎಳೆದು ತಿರುಗಿಸಿ, ಆಮೇಲೆ ಉಲ್ಟಾ ಕೊಟ್ಟು ನೀವೇ ನೆಟ್ಟಗೆ ಮಾಡಬೇಕು. ಎರಡನೇ ಹಂತದಲ್ಲಿ ಕಲಿಯಬೇಕಾದದ್ದು ಇಷ್ಟೇ. ಇದಕ್ಕೆ ಸ್ಪಿಟ್‌ಫೈರ್ ಯಾಕೆ?

ಲೆಕ್ಕ ಹಾಕೋಣ. ರೆಕ್ಕೆ 120 ಸೆಂಟಿಮೀಟರ್ ಉದ್ದ, 20 ಅಗಲ, ವಿಮಾನದ ತೂಕ 800 ಗ್ರಾಂ ಅಂತಿಟ್ಟುಕೊಳ್ಳಿ. ಚದರ ಡೆಸಿಮೀಟರಿಗೆ ಸುಮಾರು 33 ಗ್ರಾಂ ಹೊರೆ. ಅದು ಗಂಟೆಗೆ ಸುಮಾರು 27 ಕಿಲೋಮೀಟರ್ ವೇಗದವರೆಗೂ ಗಾಳಿಯಲ್ಲಿ ನಿಲ್ಲುತ್ತದೆ. ಯುದ್ಧವಿಮಾನದ ಮಾದರಿಯಲ್ಲಿ ರೆಕ್ಕೆ ಚಿಕ್ಕದು, ತೂಕ ಹೆಚ್ಚು. ಹೊರೆ 60 ಗ್ರಾಂ ದಾಟಿತೆಂದರೆ 37ಕ್ಕಿಂತ ನಿಧಾನ ಮಾಡುವ ಹಾಗಿಲ್ಲ. ಇಳಿಸುವಾಗ ಈ ಹತ್ತು ಕಿಲೋಮೀಟರ್ ವ್ಯತ್ಯಾಸವೇ ಜೀವ ತೆಗೆಯುತ್ತದೆ. ಜೊತೆಗೆ ಅದರ ರೆಕ್ಕೆ ತುದಿಗೆ ಹೋದಂತೆ ಕಿರಿದಾಗುತ್ತದೆ. ವೇಗ ಕಮ್ಮಿಯಾದರೆ ಒಂದು ತುದಿ ಮೊದಲು ಸೋತು, ಹೇಳದೆ ಕೇಳದೆ ಪಲ್ಟಿ ಹೊಡೆಯುತ್ತದೆ. ದುಡ್ಡು ಹೋಗುವುದು ಒಂದು ಕಡೆ, ಎಷ್ಟೋ ಜನರಿಗೆ ಹವ್ಯಾಸವೇ ಅಲ್ಲಿಗೆ ಮುಗಿಯುತ್ತದೆ.

ಹಾಗಂತ ತೀರಾ ಹಗುರದ್ದೂ ಬೇಡ. ಮದ್ರಾಸಿನ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಬೀಸತೊಡಗುತ್ತದೆ. ನೂರೈವತ್ತು ಗ್ರಾಂನ ಪುಟಾಣಿ ವಿಮಾನ ಗಾಳಿಪಟದ ಹಾಗೆ ತೇಲಿಹೋಗುತ್ತದೆ. 600ರಿಂದ 900 ಗ್ರಾಂ ಇದ್ದರೆ ಒಳ್ಳೆಯದು. ಹಾರಿಸುವುದು ಬೆಳಗಿನ ಹೊತ್ತೇ ವಾಸಿ.

ಇನ್ನೊಂದು ನಮ್ಮೂರಿನ ಸಮಸ್ಯೆ. ರಾಯಪುರಂನಲ್ಲಿ ಹಾರಿಸಲು ಜಾಗವೆಲ್ಲಿದೆ? ಒಂದು ಕಡೆ ಬಂದರು, ಇನ್ನೊಂದು ಕಡೆ ಕಾಸಿಮೇಡಿನ ಮೀನುಗಾರಿಕೆ ಬಂದರು, ನಡುವೆ ಮನೆಗೆ ಮನೆ ಅಂಟಿದ ಬೀದಿಗಳು. ಬಯಲು ಬೇಕೆಂದರೆ ಗುಮ್ಮಿಡಿಪೂಂಡಿ ಲೋಕಲ್ ಹತ್ತಿ ಊರಾಚೆ ಹೋಗಬೇಕು. ರೆಕ್ಕೆ ಬಿಚ್ಚಲು ಬರದ ವಿಮಾನ ಆ ರಶ್ಶಿನಲ್ಲಿ ಹಾರುವ ಮೊದಲೇ ಮುರಿಯುತ್ತದೆ. ಬಿಚ್ಚಲು ಬರುವ ರೆಕ್ಕೆ ಅಂದಮೇಲೆ ಬದಲಾಯಿಸಲೂ ಬರುತ್ತದಲ್ಲ!

ಅಲ್ಲಿಗೆ ನನ್ನ ವಾದಕ್ಕೆ ಬಂದೆ. ಅಮೆರಿಕದ ಫ್ಲೈಟ್ ಟೆಸ್ಟ್‌ನವರ ಟೈನಿ ಟ್ರೇನರ್ ನೋಡಿ. ಮೈ ಒಂದೇ, ರೆಕ್ಕೆ ಎರಡು: ಒಂದು ಕಲಿಯುವವರಿಗೆ, ಇನ್ನೊಂದು ಏಲರಾನ್ ಇರುವುದು. ನಕ್ಷೆ ಪುಕ್ಕಟೆ ಸಿಗುತ್ತದೆ. ಅದು ಚಿಕ್ಕ ವಿಮಾನ, ಗಾಳಿಯಿಲ್ಲದ ಬೆಳಗಿಗೆ ಮಾತ್ರ. ಆದರೆ ಉಪಾಯ ದೊಡ್ಡ ವಿಮಾನಕ್ಕೂ ಅದೇ. ಹೆಚ್ಚುಕಮ್ಮಿ ಚಪ್ಪಟೆಯಾದ ಹೊಸ ರೆಕ್ಕೆ, 9 ಗ್ರಾಂನ ಎರಡು ಸರ್ವೋ, ಒಂದು ವೈ ಕೇಬಲ್, ಅಷ್ಟೇ. ತೂಕದ ಸಮತೋಲ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಲ್ಲಿರಲಿ. ಹಳೇ ಮೋಟಾರು, ಹಳೇ ಬ್ಯಾಟರಿ, ಕೈಗೆ ಪಳಗಿದ ಹಳೇ ಮೈ. ಹೊಸದು ಪಾಠ ಮಾತ್ರ.

ನಿಮ್ಮ ರಿಮೋಟು, ರಿಸೀವರುಗಳಲ್ಲಿ ಮೂರೇ ಚಾನಲ್ ಇದ್ದರೆ ಇದು ಆಗದು. ಆಗ ನಾಲ್ಕು ಚಾನಲ್ಲಿನ ಸೆಟ್ ಕೊಳ್ಳಿ. ಇನ್ನೂ ಹತ್ತು ವಿಮಾನಕ್ಕೆ ಬರುತ್ತದೆ, ದಂಡವಲ್ಲ.

ಬಿಡಿಭಾಗದ ದಾರಿಗೆ ಇನ್ನೊಂದು ಕಾರಣವೂ ಇದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳಿಗೆ ಅಡ್ಡಿ ಮಾಡಲಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ನಮ್ಮ ಹವ್ಯಾಸದ ವಿಮಾನವೂ ಡ್ರೋನ್ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಹೊರಡುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ ಅಂತ ನೋಡಿಕೊಳ್ಳಿ. ವೈರು, ಕನೆಕ್ಟರು, ಬೆಸುಗೆ ಸಾಮಾನಿಗೆ ಇಲ್ಲಿನವರಿಗೆ ಮೌಂಟ್ ರೋಡ್ ಪಕ್ಕದ ರಿಚಿ ಸ್ಟ್ರೀಟ್ ಇದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದ ಹಾಗೆ.

ಹೊಸ ರೆಕ್ಕೆಯನ್ನು ಎರಡು ತೆಂಗಿನಮರದಷ್ಟು ಎತ್ತರದಲ್ಲಿ ಪಳಗಿಸಿ. ಗಾಳಿಗೆದುರಾಗಿ ಇಳಿಸುವುದು ಹತ್ತು ಸಲಕ್ಕೆ ಒಂಬತ್ತು ಸಲ ಸರಿಯಾಗಿ ಬರಲಿ. ಸ್ಪಿಟ್‌ಫೈರ್ ಮೂರನೆಯದಾಗಲಿ, ನಾಲ್ಕನೆಯದಾಗಲಿ, ಬರಲಿ ಬಿಡಿ, ಬೇಡವೆಂದವರು ಯಾರು? ಬೀದಿಯ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. ನೀವೇನಂತೀರಿ?