ಪ್ರಶ್ನೆಗೆ ಹೆದರುವ ಈಮಾನ್

ದೇವರಿದ್ದಾನೆಯೇ ಎಂದು ಕೇಳುವ ಹುಡುಗನ ಬಾಯಿಯನ್ನು ನಾವು ಎರಡು ರೀತಿಯಲ್ಲಿ ಮುಚ್ಚಿಸುತ್ತೇವೆ. ಒಂದು, ‘ತೌಬಾ ಮಾಡು’ ಎಂದು ಗದರಿಸುವುದು. ಇನ್ನೊಂದು, ಮಹಾಸ್ಫೋಟದಿಂದ ಭ್ರೂಣದವರೆಗೆ ಎಲ್ಲವನ್ನೂ ಕುರ್‌ಆನ್ ಮೊದಲೇ ಹೇಳಿದೆ ಎಂಬ ಭಾಷಣ ಕೇಳಿಸುವುದು. ನಾಳೆ ವಿಜ್ಞಾನ ತನ್ನ ಸಿದ್ಧಾಂತವನ್ನು ತಿದ್ದಿಕೊಂಡರೆ ನಾವು ಈಮಾನನ್ನೂ ತಿದ್ದಿಕೊಳ್ಳುತ್ತೇವೆಯೇ?

ಜಗತ್ತು ಅನಾದಿ ಎಂದು ಫಾರಾಬಿ, ಇಬ್ನ್ ಸೀನಾ ವಾದಿಸಿದ್ದರು. ಅದನ್ನು ಖಂಡಿಸಲು ಹೊರಟ ಇಮಾಮ್ ಗಝಾಲಿ ಮೊದಲು ಅವರ ತತ್ವಗಳನ್ನು ಕಲಿತರು. ನಂತರವೇ, 1095ರಲ್ಲಿ, ‘ತಹಾಫುತುಲ್ ಫಲಾಸಿಫಾ’ ಬರೆದು ಮುಗಿಸಿದರು. ಆರಂಭವುಳ್ಳ ಪ್ರತಿಯೊಂದಕ್ಕೂ ಕಾರಣವಿರಬೇಕು, ಜಗತ್ತಿಗೆ ಆರಂಭವಿದೆ, ಆದ್ದರಿಂದ ಅದಕ್ಕೊಬ್ಬ ಕರ್ತೃವಿದ್ದಾನೆ ಎಂಬುದು ಅವರ ವಾದ. ಸುಮಾರು 85 ವರ್ಷಗಳ ಬಳಿಕ ಇಬ್ನ್ ರುಶ್ದ್ ಆ ಗ್ರಂಥದ ಮಾತುಗಳನ್ನೇ ಎದುರಿಗಿಟ್ಟುಕೊಂಡು ಉತ್ತರ ಬರೆದರು. ಅವರು ನಾಸ್ತಿಕರಲ್ಲ, ಕೊರ್ಡೋವಾದ ಖಾಜಿ.

ಹಾಗೆಂದು ಹಿಂದಿನದೆಲ್ಲ ಚಿನ್ನವೆನ್ನುವಂತಿಲ್ಲ. ಗಝಾಲಿ ಮೂರು ವಿಷಯಗಳಲ್ಲಿ ತತ್ವಜ್ಞಾನಿಗಳ ಮೇಲೆ ಕುಫ್ರ್‌ನ ಮುದ್ರೆ ಒತ್ತಿದರು. 1195ರಲ್ಲಿ ಇಬ್ನ್ ರುಶ್ದ್‌ರನ್ನು ಗಡೀಪಾರು ಮಾಡಿ ಅವರ ಪುಸ್ತಕಗಳನ್ನು ಸುಟ್ಟರು. ನಾವು ಇವರಲ್ಲಿ ಯಾರ ವಾರಸುದಾರರು? ವಾದಿಸಿದವರದೋ, ಸುಟ್ಟವರದೋ? ಗಝಾಲಿಯವರ ವಾದವನ್ನು 1979ರಲ್ಲಿ ‘ಕಲಾಂ’ ಎಂಬ ನಮ್ಮ ಹೆಸರಿನಲ್ಲೇ ಪುಸ್ತಕ ಮಾಡಿದವರು ಅಮೆರಿಕದ ಕ್ರೈಸ್ತ ತತ್ವಜ್ಞಾನಿ ವಿಲಿಯಂ ಲೇನ್ ಕ್ರೇಗ್.

ನಾಸ್ತಿಕರ ಪ್ರಶ್ನೆಗಳೂ ಹಗುರವಲ್ಲ. ಜಗತ್ತಿನೊಳಗಿನ ಕಾರ್ಯಕಾರಣ ನಿಯಮ ಇಡೀ ಜಗತ್ತಿಗೆ ಹೇಗೆ ಅನ್ವಯವಾಗುತ್ತದೆ? ಕರ್ತೃವಿದ್ದರೂ ಅವನು ಕರುಣಾಮಯಿ ಎಂದು ಹೇಗೆ ಸಿದ್ಧವಾಗುತ್ತದೆ? 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದು ನಿದ್ದೆಯಲ್ಲಿದ್ದ ಮಕ್ಕಳು ಮಣ್ಣಾದರು. ‘ಪಾಪದ ಫಲ’ ಎಂದರೆ ಆ ಮಕ್ಕಳಿಗೆ ಅಪಮಾನ. ‘ಪರೀಕ್ಷೆ’ ಎಂದರೆ, ಸತ್ತ ಕೂಸಿಗೆ ಯಾವ ಪರೀಕ್ಷೆ? ಇದರಿಂದ ದೇವರಿಲ್ಲವೆಂದು ಸಾಬೀತಾಯಿತೆಂದು ನಾವು ಒಪ್ಪುವುದಿಲ್ಲ. ಮನುಷ್ಯನ ಬುದ್ಧಿಗೆ ಎಟುಕದ್ದೆಲ್ಲ ಅರ್ಥಹೀನವಲ್ಲ. ಆದರೆ ಆ ಪ್ರಶ್ನೆಯ ಮುಂದೆ ತಲೆತಗ್ಗಿಸಿ ಕೂರುವ ವಿನಯವಾದರೂ ನಮ್ಮ ಪ್ರವಚನಕಾರರಿಗೆ ಬೇಡವೇ?

2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ, ದೇವರಿಲ್ಲವೆಂದ ಮುಸ್ಲಿಂ ಯುವಕನೊಬ್ಬನನ್ನು ಕಡಿದು ಕೊಂದರು. ಅಂದು ದೇವರ ಅಸ್ತಿತ್ವಕ್ಕೆ ಯಾವ ಪುರಾವೆ ಸಿಕ್ಕಿತು? ಉತ್ತರವಿಲ್ಲದವರ ಕೈಯಲ್ಲಿ ಮಚ್ಚಿತ್ತು ಎಂಬುದಕ್ಕಷ್ಟೇ ಸಿಕ್ಕಿತು.

ಸ್ವತಃ ಗಝಾಲಿ, ಸುಮಾರು ಎರಡು ತಿಂಗಳು ಸಂಪೂರ್ಣ ಸಂಶಯದಲ್ಲಿ ಬಳಲಿದ್ದಾಗಿ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅದರಿಂದ ಪಾರು ಮಾಡಿದ್ದು ತರ್ಕವಲ್ಲ, ಅಲ್ಲಾಹನು ಎದೆಯೊಳಗೆ ಹಾಕಿದ ಬೆಳಕು ಎಂದಿದ್ದಾರೆ. ಹುಜ್ಜತುಲ್ ಇಸ್ಲಾಮ್ ಎನಿಸಿಕೊಂಡವರಿಗೇ ಎರಡು ತಿಂಗಳು ಬೇಕಾಯಿತು. ನಮ್ಮ ಮಕ್ಕಳಿಗೆ ನಾವು ಎರಡು ನಿಮಿಷವನ್ನೂ ಕೊಡುತ್ತಿಲ್ಲ.